ದೊಡ್ಡಮ್ಮ ಗುದ್ದಿದ್ದು, ಚಿಕ್ಕಮ್ಮ ಬಿದ್ದಿದ್ದು

ಕಳೆದ ಭಾನುವಾರ ಮಧ್ಯಾಹ್ನ, ಊಟ ಮುಗಿದ ಸ್ವಲ್ಪ ಹೊತ್ತಿಗೆ, ಹೊನ್ನಾಳಿಯಲ್ಲಿರುವ ನನ್ನ ದೊಡ್ಡಮ್ಮ ಒಂದು ಹಳದಿ ಕಾರಿಗೆ ಹಿಂದಿನಿಂದ ಗುದ್ದಿ, ಅದನ್ನು ಸೇತುವೆಯಿಂದ ಕೆಳಕ್ಕೆ ಬೀಳಿಸಿ, ವೇಗವನ್ನೂ ಕಡಿಮೆ ಮಾಡದೆ ಹೊರಟುಹೋದಳು. ಹಳದಿ ಕಾರು ಓಡಿಸುತ್ತಿದ್ದವಳು ಜಗಳೂರಿನಲ್ಲಿರುವ ಅವಳ ಒಡಹುಟ್ಟಿದ ತಂಗಿ, ಅಂದರೆ ನನ್ನ ಚಿಕ್ಕಮ್ಮ. ಯಾರಿಗೂ ಗಾಯವಾಗಿಲ್ಲ. ದೂರು ದಾಖಲಾಗಿಲ್ಲ. ಘಟನೆ ನಡೆದಾಗ ಗುದ್ದಿದವಳು ಮಂಚದ ಮೇಲಿದ್ದಳು, ಬಿದ್ದವಳು ಮನೆ ಮುಂದಿನ ಕಟ್ಟೆಯ ಮೇಲಿದ್ದಳು. ಇಬ್ಬರ ನಡುವೆ ಇಡೀ ದಾವಣಗೆರೆ ಇತ್ತು.

ಮೊಬೈಲಿನಲ್ಲಿ ಆಡುವ ಕಾರ್ ರೇಸ್ ಇದು. ಯಾವ್ಯಾವುದೋ ಊರಿನವರು ಒಟ್ಟಿಗೆ ಸೇರಿ ಆಡುತ್ತಾರೆ. ಹೆಸರಿಗೆ ಬದಲು ಅಡ್ಡಹೆಸರು, ಮುಖಕ್ಕೆ ಬದಲು ಕಾರಿನ ಬಣ್ಣ.

ಇಷ್ಟು ಓದಿ ನನ್ನ ದೊಡ್ಡಮ್ಮ ಒರಟು ಹೆಂಗಸು ಅಂದುಕೊಂಡಿರೋ, ಅದು ಪೂರ್ತಿ ತಪ್ಪು. ಆ ಆಟ ಆಡುವವರಲ್ಲಿ ಅವಳಷ್ಟು ಮರ್ಯಾದಸ್ಥ ಡ್ರೈವರ್ ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ! ಉತ್ಪ್ರೇಕ್ಷೆ ಅನ್ನಿಸಬಹುದು. ಆದರೆ ಪತ್ರಿಕೆಗೆ ಸುದ್ದಿ ಬರೆದು ಬದುಕುವವನು ನಾನು, ಸಾಕ್ಷಿ ಇಲ್ಲದೆ ಒಂದು ಸಾಲೂ ಬರೆಯುವುದಿಲ್ಲ.

ಅವಳಿಗೆ ಈ ಚಟ ಹತ್ತಿದ್ದು ಮೊಣಕಾಲಿನ ಆಪರೇಷನ್ ಆದಮೇಲೆ. ಕೆಲವು ವಾರ ಕಾಲು ನೆಲಕ್ಕೆ ಊರಬೇಡಿ ತಾಯಿ ಎಂದು ಡಾಕ್ಟರು ಹೇಳಿದರು. ದೊಡ್ಡಮ್ಮ ಮಲಗಿದ್ದಲ್ಲಿಂದಲೇ ನಕ್ಕಳು. "ಅದೇನು ನನಗೆ ಹೊಸದಾ ಡಾಕ್ಟ್ರೇ? ಕಾಲು ಊರದೇ ಇದ್ದಿದ್ದಕ್ಕೆ ನನಗೆ ಹೈಸ್ಕೂಲಿನಾಗೆ ಚೊಂಬು ಕೊಟ್ಟಾರೆ." ಅರಿವಳಿಕೆ ಇನ್ನೂ ಪೂರ್ತಿ ಇಳಿದಿಲ್ಲ ಎಂದು ಡಾಕ್ಟರು ನರ್ಸಿಗೆ ಹೇಳಿ ಹೋದರು. ಆ ಚೊಂಬಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಲಗಿದ್ದವಳು ಹೊತ್ತು ಹೋಗಲಿ ಎಂದು ಗಂಟೆಗೊಮ್ಮೆ ಎಲ್ಲರಿಗೂ ಫೋನ್ ಮಾಡತೊಡಗಿದಳು. ಸಾರಿಗೆ ಏನು ಹಾಕಿದ್ದೀರಿ, ಒಗ್ಗರಣೆಗೆ ಏನು ಹಾಕಿದ್ದೀರಿ, ಯಾಕೆ ಹಾಕಿದ್ದೀರಿ. ತಾಳಲಾರದೆ ನ್ಯಾಮತಿಯಲ್ಲಿರುವ ಅವಳ ಮಗಳು ಬಂದು ಫೋನಿಗೆ ಈ ಆಟ ಹಾಕಿಕೊಟ್ಟು ಹೋದಳು. ಮರುದಿನದಿಂದ ಯಾರಿಗೂ ಫೋನ್ ಬರಲಿಲ್ಲ. ಏನಾಯಿತೋ ಎಂದು ಗಾಬರಿಯಾಗಿ ನಾವೇ ಮಾಡಬೇಕಾಯಿತು.

ಅವಳು ರೇಸ್ ಆಡುವುದನ್ನು ಒಮ್ಮೆ ಪಕ್ಕದಲ್ಲಿ ಕೂತು ನೋಡಿದೆ. ಹಿಂದಿನವನು ಹಾರ್ನ್ ಹಾಕಿದರೆ ಕಾರನ್ನು ಎಡಕ್ಕೆ ಒಯ್ದು ದಾರಿ ಬಿಡುತ್ತಾಳೆ. "ಏನೋ ಅರ್ಜೆಂಟ್ ಐತೆ ಪಾಪ." ತಿರುವಿನಲ್ಲಿ ಕೈತಪ್ಪಿ ಯಾರಿಗಾದರೂ ತಾಗಿಸಿಬಿಟ್ಟರೆ ಮುಗಿಯಿತು. ನಿಲ್ಲಿಸುತ್ತಾಳೆ, ರಿವರ್ಸ್ ತೆಗೆಯುತ್ತಾಳೆ, ಉರುಳಿದ ಕಾರಿನ ಪಕ್ಕ ಬಂದು ನಿಲ್ಲುತ್ತಾಳೆ. ಉಳಿದವರೆಲ್ಲ ಅವಳಿಗೆ ಗುದ್ದಿಕೊಂಡೇ ಮುಂದೆ ಹೋಗುತ್ತಾರೆ. ಬಿದ್ದವನು ಎದ್ದು, ಧೂಳು ಕೊಡವಿ, ಸೇಡಿಗೆ ಇವಳಿಗೇ ಒಂದು ಗುದ್ದಿ ಹೋಗುತ್ತಾನೆ. ದೊಡ್ಡಮ್ಮನಿಗೆ ಸಮಾಧಾನ. ಲೆಕ್ಕ ಸರಿಹೋಯಿತಲ್ಲ!

ಅದಕ್ಕಿಂತ ದೊಡ್ಡ ವಿಚಿತ್ರ ಇನ್ನೊಂದಿದೆ. ತನ್ನಿಂದ ಬಿದ್ದವರಿಗಿಂತ ಮೊದಲು ಅವಳು ಕೊನೆಯ ಗೆರೆ ದಾಟುವುದಿಲ್ಲ. ಗೆರೆಯ ಮುಂದೆ ಕಾರು ನಿಲ್ಲಿಸಿ, ಅವರು ಬರುವವರೆಗೆ ಕಾಯುತ್ತಾಳೆ. ಇದಕ್ಕೇನು ಕಾರಣ ಎಂದು ಕೇಳಿದೆ. ಬೀಳಿಸಿ ಗೆದ್ದರೆ ಅದು ಗೆಲುವಾ ಎಂದು ನನ್ನನ್ನೇ ಕೇಳಿದಳು. ಅಷ್ಟರಲ್ಲಿ ನನ್ನ ಕಣ್ಣಿಗೆ ಬೇರೊಂದು ಬಿದ್ದಿತ್ತು. ರೇಸ್ ಶುರುವಾದಾಗಿನಿಂದ ಮುಗಿಯುವವರೆಗೆ ದೊಡ್ಡಮ್ಮ ಎರಡೂ ಕಾಲುಗಳನ್ನು ಮಂಚದ ಮೇಲೆ ಎತ್ತಿ ಇಟ್ಟುಕೊಂಡಿದ್ದಳು. ಮೊಣಕಾಲು ಆಗಲೇ ವಾಸಿಯಾಗಿತ್ತು. ಆದರೂ ಇಳಿಸಲಿಲ್ಲ.

ಈಗ ಚೊಂಬಿನ ವಿಷಯ.

ನನ್ನ ಅಮ್ಮನ ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ದೊಡ್ಡಮ್ಮ, ಅಮ್ಮ, ಚಿಕ್ಕಮ್ಮ. ಮೂವರೂ ಬೆಳೆದದ್ದು ಚನ್ನಗಿರಿಯಲ್ಲಿ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಗಂಟೆ ಬಾಡಿಗೆಗೆ ಸೈಕಲ್ ತಂದು ಕಲಿಯುತ್ತೇವೆಂದು ದೊಡ್ಡಮ್ಮ, ಚಿಕ್ಕಮ್ಮ ಹಟ ಹಿಡಿದಾಗ ನನ್ನ ಅಜ್ಜಿ ಒಂದು ಷರತ್ತು ಹಾಕಿದಳಂತೆ. ಜೋರಾಗಿ ಹೊಡೆಯಬಾರದು. ಜೋರಾಗಿ ಹೊಡೆದ ಹುಡುಗಿ ಹತ್ತಿರದ ಸೂಳೆಕೆರೆಯ ಏರಿ ಹತ್ತಿ ಆಚೆ ಹೋಗಿಬಿಡುತ್ತಾಳೆ ಎಂಬುದು ಅಜ್ಜಿಯ ಭಯ. ಹಾಗಾಗಿ ಇಬ್ಬರೂ ನಿಧಾನವಾಗಿ ಹೊಡೆಯುವುದನ್ನೇ ಕಲಿತರು. ಎಷ್ಟು ನಿಧಾನ? ಮನೆಯಿಂದ ಎದುರುಮನೆಯ ತುಳಸಿಕಟ್ಟೆಗೆ ಹೋಗುವಷ್ಟರಲ್ಲಿ ಅಜ್ಜಿ ಅನ್ನ ಬಸಿದು ಬರುತ್ತಿದ್ದಳಂತೆ. ಸೈಕಲ್ ಕೆಟ್ಟಿದೆಯಾ ಎಂದು ದಾರಿಹೋಕರು ಕೇಳುತ್ತಿದ್ದರಂತೆ.

ಇಂಥವರಿಗೆಂದೇ ಭಗವಂತ ನಿಧಾನ ಸೈಕಲ್ ಸ್ಪರ್ಧೆಯನ್ನು ಸೃಷ್ಟಿಸಿದ. ಹೈಸ್ಕೂಲ್ ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿರುತ್ತಾರೆ. ಎಲ್ಲರಿಗಿಂತ ಕೊನೆಗೆ ತಲುಪಿದವರು ಗೆದ್ದಂತೆ. ಕಾಲು ನೆಲಕ್ಕೆ ತಾಗಬಾರದು, ಪಕ್ಕದ ಗೆರೆ ತುಳಿಯಬಾರದು. ನನ್ನ ದೊಡ್ಡಮ್ಮ, ಚಿಕ್ಕಮ್ಮ ಇಬ್ಬರೂ ಹ್ಯಾಂಡಲ್ ಕೊಂಕಿಸುತ್ತ, ಅರ್ಧ ಪೆಡಲ್ ತುಳಿಯುತ್ತ, ನಿಂತಲ್ಲೇ ನಿಂತಿರುತ್ತಿದ್ದರು. ಉಳಿದವರೆಲ್ಲ ಬಿದ್ದು, ಎದ್ದು, ಮನೆಗೆ ಹೋಗಿ ಕಾಫಿ ಕುಡಿದರೂ ಅಕ್ಕತಂಗಿಯರ ಸೈಕಲ್ ಗಾಳಿಯಲ್ಲಿ ಅಲ್ಲಾಡುತ್ತಿರುತ್ತಿತ್ತು.

ಅವರ ಕೊನೆಯ ಸ್ಪರ್ಧೆಯಲ್ಲಿ ದೊಡ್ಡಮ್ಮ ಗೆದ್ದಳು. ಸ್ಟೀಲ್ ಚೊಂಬು ಬಹುಮಾನ. ಅಕ್ಕನ ಹೆಬ್ಬೆರಳು ನೆಲಕ್ಕೆ ತಾಗಿತ್ತು, ನಾನು ನೋಡಿದೆ ಎಂದಳು ಚಿಕ್ಕಮ್ಮ. ತಾಗಿದ್ದು ಕಾಲಲ್ಲ, ಲಂಗದ ಅಂಚು ಎಂದಳು ದೊಡ್ಡಮ್ಮ. ಲಂಗದೊಳಗೆ ಇದ್ದದ್ದು ಕಾಲೇ ತಾನೇ ಎಂದಳು ಚಿಕ್ಕಮ್ಮ. ಪಿ.ಟಿ. ಮೇಷ್ಟ್ರು ಆ ಕ್ಷಣದಲ್ಲಿ ಚಿಕ್ಕಮ್ಮನ ಚಕ್ರ ಗೆರೆ ತುಳಿಯುತ್ತದೋ ಎಂದು ಬಗ್ಗಿ ನೋಡುತ್ತಿದ್ದರು. ಉಳಿದದ್ದು ಒಬ್ಬಳೇ ನಿಷ್ಪಕ್ಷಪಾತ ಸಾಕ್ಷಿ, ನನ್ನ ಅಮ್ಮ. ಅವಳು ಸೈಕಲ್ ಹತ್ತಿದವಳಲ್ಲ, ಅಕ್ಕತಂಗಿಯರು ಬಿಟ್ಟ ಚಪ್ಪಲಿ ಕಾಯುವುದು ಅವಳ ಕೆಲಸವಾಗಿತ್ತು. ಇವತ್ತಿಗೂ ಕೇಳಿದರೆ ಒಂದೇ ಹೇಳಿಕೆ ಕೊಡುತ್ತಾಳೆ. "ನಾನು ಚಪ್ಪಲಿ ನೋಡ್ತಿದ್ದೆ ಕಣಪ್ಪ."

ಆಮೇಲೆ ಮದುವೆಗಳಾದವು. ಒಬ್ಬಳು ಹೊನ್ನಾಳಿಗೆ, ಒಬ್ಬಳು ಜಗಳೂರಿನ ಕಡೆಗೆ ಹೋದರು. ಅಮ್ಮ ಚನ್ನಗಿರಿಯಲ್ಲೇ ಉಳಿದಳು, ನಾನಿರುವುದೂ ಅಲ್ಲೇ. ಬಾಣಂತನ, ಮಕ್ಕಳ ಪರೀಕ್ಷೆ, ಗಂಡಂದಿರ ಸಕ್ಕರೆ ಕಾಯಿಲೆ ಎಂದು ಎಲ್ಲಕ್ಕೂ ಒಬ್ಬರ ಮನೆಗೆ ಒಬ್ಬರು ಓಡಿದರು. ಚೊಂಬಿನ ಮಾತು ಯಾರೂ ಎತ್ತಲಿಲ್ಲ. ಎತ್ತಿದ್ದು ಎರಡು ವರ್ಷದ ಹಿಂದೆ, ನ್ಯಾಮತಿಯಲ್ಲಿ, ದೊಡ್ಡಮ್ಮನ ಮಗಳ ಗೃಹಪ್ರವೇಶದ ದಿನ.

ಹಾಲುಕ್ಕಿಸಲು ದೊಡ್ಡಮ್ಮ ಹಾಲನ್ನು ಅದೇ ಚೊಂಬಿನಲ್ಲಿ ತಂದಿದ್ದಳು. ಬೀಗರೆಲ್ಲ ನಿಂತಿದ್ದಾರೆ. ಚಿಕ್ಕಮ್ಮ ನಗುನಗುತ್ತ, "ಇದು ಕಾಲೂರಿ ಗೆದ್ದ ಚೊಂಬು ಕಣ್ರಿ, ಮನೆ ಗಟ್ಟಿಯಾಗಿ ನಿಂತ್ಕಂತೈತೆ ಬಿಡ್ರಿ" ಅಂದಳು. ಎಲ್ಲರೂ ನಕ್ಕರು. ದೊಡ್ಡಮ್ಮ ಹಾಲುಕ್ಕಿಸಿದಳು, ಪೂಜೆ ಮುಗಿಸಿದಳು, ಊಟಕ್ಕೆ ಕೂರದೆ ಹೊನ್ನಾಳಿಯ ಬಸ್ ಹತ್ತಿದಳು. ಅವತ್ತಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ.

ಮಾತು ಬಿಟ್ಟದ್ದು ಎಷ್ಟು ಗಟ್ಟಿಯೆಂದು ನಮಗೆ ತಿಳಿದದ್ದು ಮೊಣಕಾಲಿನ ಆಪರೇಷನ್ ಸಮಯದಲ್ಲಿ. ಚಿಕ್ಕಮ್ಮ ಆಸ್ಪತ್ರೆಗೇನೋ ಬಂದಳು. ಮಂಚದ ಪಕ್ಕ ಸುಮಾರು ಹೊತ್ತು ನಿಂತಳು. ಆಮೇಲೆ ಶೇಂಗಾ ಚೀಲ ಇಟ್ಟು ಹೋದಳು. ಎರಡೂ ಕಡೆಯ ಹೇಳಿಕೆ ಪಡೆಯುವುದು ನನ್ನ ಅಭ್ಯಾಸ. ದೊಡ್ಡಮ್ಮ ಹೇಳಿದ್ದು: "ಎಚ್ಚರ ಇದ್ದೆ. ಅವಳೇ ಮಾತಾಡಿಸ್ಲಿ ಅಂತ ಕಣ್ಣು ಮುಚ್ಚಿದ್ದೆ." ಚಿಕ್ಕಮ್ಮ ಹೇಳಿದ್ದು: "ಎಚ್ಚರ ಐತೆ ಅಂತ ಗೊತ್ತಿತ್ತು, ರೆಪ್ಪೆ ಅಲ್ಲಾಡ್ತಿತ್ತು. ಅವಳೇ ಕಣ್ಣು ಬಿಡ್ಲಿ ಅಂತ ನಿಂತಿದ್ದೆ."

ನ್ಯಾಮತಿಯ ಮಗಳಿಗೆ ಉಪಾಯ ಹೊಳೆದದ್ದು ಆಮೇಲೆ. ತನ್ನ ಮನೆಯಲ್ಲಿ ಮುರಿದದ್ದನ್ನು ತಾನೇ ಜೋಡಿಸಬೇಕೆಂದು ಅವಳಿಗೆ ಆಸೆ. ಚಿಕ್ಕಮ್ಮನ ಫೋನಿಗೂ ಅದೇ ಆಟ ಹಾಕಿಸಿದಳು. ಪ್ರತಿ ಭಾನುವಾರ ಮಧ್ಯಾಹ್ನ ಹೊನ್ನಾಳಿ, ಜಗಳೂರು, ನ್ಯಾಮತಿ, ಚನ್ನಗಿರಿ ನಾಲ್ಕೂ ಕಡೆಯಿಂದ ನಾವು ಒಂದೇ ರೇಸಿಗೆ ಇಳಿಯುವುದು, ಮೈಕ್ ತೆರೆದಿಡುವುದು ಎಂದು ಗೊತ್ತುಮಾಡಿದಳು. ಆಡುತ್ತ ಆಡುತ್ತ ಮಾತು ತಾನಾಗಿಯೇ ಬರುತ್ತದೆ ಎಂಬುದು ಅವಳ ಲೆಕ್ಕ.

ಬಂದದ್ದು ಗುದ್ದು.

ಪರಊರಿನ ಅಪರಿಚಿತರಿಗೆ ಎಡಕ್ಕೆ ಸರಿದು ದಾರಿ ಬಿಡುವ ನನ್ನ ದೊಡ್ಡಮ್ಮ, ಹಳದಿ ಕಾರು ಕಂಡದ್ದೇ ತಡ, ತನ್ನ ನೀಲಿ ಕಾರನ್ನು ನುಗ್ಗಿಸಿದಳು. ಚಿಕ್ಕಮ್ಮ ತಿರುಗಿ ಗುದ್ದುವವಳಲ್ಲ. ಅವಳ ಸೇಡು ಬೇರೆ ಜಾತಿಯದು. ಹೇಗೋ ಅಕ್ಕನ ಮುಂದಕ್ಕೆ ಬಂದು, ರಸ್ತೆಯ ನಟ್ಟನಡುವೆ ಬ್ರೇಕ್ ಒತ್ತಿ, ಎಮ್ಮೆ ಹೋದ ಹಾಗೆ ಹೋಗುತ್ತಾಳೆ. ಎಡಕ್ಕೆ ಬಂದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ನಿಧಾನ ಸೈಕಲ್ಲಿನ ವಿದ್ಯೆ ಎಲ್ಲಿ ಹೋಗುತ್ತದೆ?

ಮಾತೂ ಇತ್ತು, ಆದರೆ ನನ್ನ ಮೂಲಕ.

"ಜಗಳೂರಿನೋರಿಗೆ ಹೇಳಪ್ಪ, ಅದು ರಸ್ತೆ, ಅವರ ಶೇಂಗಾ ಹೊಲ ಅಲ್ಲ."

"ಹೊನ್ನಾಳಿಯೋರಿಗೆ ಹೇಳು, ಹಿಂದಿಂದ ಗುದ್ದಾಕೆ ಭಾಳ ಧೈರ್ಯ ಬೇಕಾಗಲ್ಲ ಅಂತ."

ಮೈಕ್ ತೆರೆದಿದೆ, ಇಬ್ಬರಿಗೂ ಇಬ್ಬರ ಮಾತೂ ಕೇಳುತ್ತದೆ. ಆದರೂ ನಾನು ಅದನ್ನು ಮತ್ತೊಮ್ಮೆ ಹೇಳುವವರೆಗೆ ಇಬ್ಬರೂ ಕೇಳಿಸಿಕೊಂಡಂತೆ ಮಾಡುವುದಿಲ್ಲ. ವರದಿಗಾರನಾಗಿ ನನಗೆ ಇಷ್ಟು ಬೆಲೆ ಹಿಂದೆಂದೂ ಸಿಕ್ಕಿರಲಿಲ್ಲ.

ಒಂದು ಭಾನುವಾರ ಯಾರೋ ಹೊರಗಿನವನು, ಕೆಂಪು ಕಾರು, ಚಿಕ್ಕಮ್ಮನನ್ನು ತಿರುವಿನಲ್ಲಿ ಬೇಕಂತಲೇ ತಳ್ಳಿ ಉರುಳಿಸಿದ. ದೊಡ್ಡಮ್ಮ ಅವತ್ತು ಎರಡನೇ ಸ್ಥಾನದಲ್ಲಿದ್ದಳು, ಗೆಲ್ಲುವ ಹಾಗಿದ್ದಳು. ರೇಸ್ ಬಿಟ್ಟಳು. ಕೆಂಪು ಕಾರಿನ ಬೆನ್ನು ಹತ್ತಿ, ಒಂದು ಸುತ್ತು ಪೂರ್ತಿ ಅಟ್ಟಿಸಿಕೊಂಡು ಹೋಗಿ, ಅದನ್ನು ಬೇಲಿಗೆ ಹಾಕಿ ಬಂದಳು. ಅವನ ಪಕ್ಕ ನಿಲ್ಲಲಿಲ್ಲ, ಅವನಿಗಾಗಿ ಕಾಯಲೂ ಇಲ್ಲ. "ಅವಳನ್ನ ಗುದ್ದಾಕೆ ನಾನಿದೀನಿ, ಇವನ್ಯಾವನು?" ಎಂದು ತನ್ನಷ್ಟಕ್ಕೆ ಗೊಣಗಿದ್ದು ನಾಲ್ಕೂ ಊರಿಗೆ ಕೇಳಿಸಿತು. ಜಗಳೂರಿನ ಕಡೆಯಿಂದ ಗಾಳಿ ಮತ್ತು ಮೇಕೆಗಳ ಸದ್ದು ಮಾತ್ರ ಬಂತು.

ಅದಾದ ಕೆಲವು ದಿನಕ್ಕೆ ಸುದ್ದಿಯೊಂದರ ಕೆಲಸದಲ್ಲಿ ಜಗಳೂರಿನ ಹತ್ತಿರದ ಬಿಳಿಚೋಡಿಗೆ ಹೋದವನು ಹಾಗೇ ಚಿಕ್ಕಮ್ಮನ ಮನೆಗೂ ಹೋದೆ. ಕಟ್ಟೆಯ ಮೇಲೆ ಕೂತು ಒಬ್ಬಳೇ ರೇಸ್ ಅಭ್ಯಾಸ ಮಾಡುತ್ತಿದ್ದಳು. ಎರಡೂ ಕಾಲು ಕಟ್ಟೆಯ ಮೇಲಿದ್ದವು. ಕೆಳಗಿಳಿಸಿಕೊಂಡು ಆರಾಮಾಗಿ ಕೂರಬಾರದೇ ಎಂದೆ. ಆಟ ಮುಗಿಯಲಿ ಎಂದಳು.

ಈಗ ಕಳೆದ ಭಾನುವಾರಕ್ಕೆ ಬರೋಣ.

ಸೇತುವೆಯಿಂದ ಬಿದ್ದ ಕಾರನ್ನು ಆಟವೇ ಎತ್ತಿ ಮತ್ತೆ ರಸ್ತೆಯ ಮೇಲೆ ಇಡುತ್ತದೆ. ಇಟ್ಟಿತು. ಹಳದಿ ಕಾರು ಕದಲಲಿಲ್ಲ. ಚಿಕ್ಕಮ್ಮನಿಗೆ ಕೋಪ ಬಂತೋ, ಜಗಳೂರಿನಲ್ಲಿ ನೆಟ್‌ವರ್ಕ್ ಹೋಯಿತೋ ನಮಗೆ ತಿಳಿಯಲಿಲ್ಲ. ದೊಡ್ಡಮ್ಮ ಮೊದಲಿಗಳಾಗಿ ಕೊನೆಯ ಗೆರೆಯ ಹತ್ತಿರ ಬಂದಳು. ಇಷ್ಟು ದಿನ ತಂಗಿಯನ್ನು ಬೀಳಿಸಿದಾಗಲೆಲ್ಲ ಅವಳು ಕಾಯದೆ ಗೆರೆ ದಾಟಿದ್ದಳು. ಅವತ್ತು ನಿಂತಳು. ಹೊರಗಿನವರೆಲ್ಲ ಅವಳ ಪಕ್ಕದಲ್ಲೇ ಹಾದು ಗೆದ್ದುಕೊಂಡರು. ನ್ಯಾಮತಿಯ ಕಾರು ದಾಟಿತು, ನನ್ನದೂ ದಾಟಿತು. ನೀಲಿ ಕಾರು ಅಲ್ಲೇ ನಿಂತಿತ್ತು.

ಕೊನೆಗೆ ಹಳದಿ ಕಾರು ಬಂತು. ಬಂದು ನೀಲಿ ಕಾರಿನ ಪಕ್ಕ ನಿಂತಿತು. ಗೆರೆ ಒಂದು ಮಾರು ದೂರದಲ್ಲಿದೆ. ದೊಡ್ಡಮ್ಮ ತಂಗಿ ಮೊದಲು ಹೋಗಲಿ ಎಂದು ಕಾಯುತ್ತಿದ್ದಾಳೆ. ಚಿಕ್ಕಮ್ಮ ಹೋಗುತ್ತಿಲ್ಲ. ಪರದೆಯ ಮೇಲೆ ಉಳಿದ ಸಮಯ ಇಳಿಯತೊಡಗಿತು. ನೀಲಿ ಕಾರು ಒಂದು ಬೆರಳಷ್ಟು ಮುಂದೆ ಸರಿಯಿತು. ಹಳದಿ ಕಾರು ಅರ್ಧ ಬೆರಳು ಸರಿಯಿತು. ನೀಲಿ ಕಾರು ನಿಂತಿತು. ಹಳದಿಯೂ ನಿಂತಿತು.

ನನ್ನ ಪಕ್ಕದಲ್ಲಿ ಕೂತಿದ್ದ ಅಮ್ಮ ಅಕ್ಕಿ ಆರಿಸುವುದನ್ನು ಬಿಟ್ಟು ಫೋನಿನೊಳಗೆ ಬಗ್ಗಿ ನೋಡಿದಳು. ಇಬ್ಬರೂ ಇನ್ನೂ ನಿಂತೇ ಇದಾರಾ ಎಂದು ಮೆಲ್ಲಗೆ ಕೇಳಿದಳು. ಈ ಸಲ ಅವಳು ಚಪ್ಪಲಿ ನೋಡುತ್ತಿರಲಿಲ್ಲ.

ಆಗ ಜಗಳೂರಿನ ಮೈಕಿನಿಂದ ದನಿ ಬಂತು. ನನ್ನ ಮೂಲಕ ಅಲ್ಲ.

"ಅಕ್ಕಾ, ಕಾಲು ಊರಬ್ಯಾಡ."

ಹೊನ್ನಾಳಿಯ ಕಡೆ ಫ್ಯಾನಿನ ಸದ್ದು ಕೇಳುತ್ತಿತ್ತು.

"ಊರಿಲ್ಲ ಕಣೇ. ಅವತ್ತೂ ಊರಿರಲಿಲ್ಲ."

"ಆತು ಬಿಡು. ನೀನು ಬೀಳಬ್ಯಾಡ ಅಷ್ಟೇ. ಮೊಣಕಾಲು ಹೆಂಗೈತೆ?"

ಸಮಯ ಮುಗಿಯಿತು. ಇಬ್ಬರ ಹೆಸರಿನ ಮುಂದೆಯೂ ರೇಸ್ ಪೂರ್ಣಗೊಳಿಸಿಲ್ಲ ಎಂದು ಬಂದು, ಆಟ ತಾನಾಗಿಯೇ ನಮ್ಮೆಲ್ಲರನ್ನೂ ಹೊರಗೆ ಹಾಕಿತು. ಕೊನೆಯ ಕ್ಷಣದಲ್ಲಿ ಯಾರ ಕಾರು ಹಿಂದಿತ್ತು ಎಂಬುದು ನನಗೆ ಸ್ಪಷ್ಟವಾಗಿ ಕಾಣಲಿಲ್ಲ. ಅಮ್ಮನಿಗೂ ಕಾಣಲಿಲ್ಲವಂತೆ. ಖಚಿತಪಡಿಸಿಕೊಳ್ಳಲು ದೊಡ್ಡಮ್ಮನಿಗೆ ಫೋನ್ ಮಾಡಿದೆ. ಬಿಜಿ ಬಂತು. ಚಿಕ್ಕಮ್ಮನಿಗೆ ಮಾಡಿದೆ. ಅದೂ ಬಿಜಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೊಮ್ಮೆ ಎರಡೂ ಕಡೆ ಪ್ರಯತ್ನಿಸಿದೆ. ಆಗಲೂ ಎರಡೂ ಫೋನು ಬಿಜಿ ಇದ್ದವು.