ಜಪಾನಿನ ಪಟ್ಟ, ಅತ್ತೆಯವರ ಬಲಗಣ್ಣು

ಚಿಂತೆ ಮಾಡುವುದರಲ್ಲಿ ನನ್ನದು ಪಳಗಿದ ಕೈ. ಶಾಲೆಗೆಂದು ಹೊರಟು ಬೀದಿಯ ತಿರುವು ಮುಟ್ಟಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬರುತ್ತೇನೆ. ಗ್ಯಾಸ್ ನೋಡಿ ಮತ್ತೆ ತಿರುವು ಮುಟ್ಟಿದ ಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಬರುತ್ತೇನೆ. ಗಡಿಯಾಚೆಯ ರಾಯದುರ್ಗದ ನಮ್ಮ ಕನ್ನಡ ಮಾಧ್ಯಮದ ಶಾಲೆಗೆ ಮಕ್ಕಳು ಕಡಿಮೆಯಾದರೆ ಶಾಲೆ ಮುಚ್ಚೀತು ಎಂದು ಚಿಂತೆ, ಹೆಚ್ಚು ಸೇರಿದರೆ ಬೆಂಚು ಸಾಲದಲ್ಲ ಎಂದು ಚಿಂತೆ. ಇಷ್ಟು ಅನುಭವವಿದ್ದರೂ, ಜಪಾನಿನ ಕುಸ್ತಿ ಪಟ್ಟವೊಂದು ಈ ಹೊತ್ತು ಯಾರ ಕೈಯಲ್ಲಿದೆ ಎಂದು ಸ್ಟಾಫ್ ರೂಮಿನಲ್ಲಿ ಕೂತು ಬೆವರುವ ಕಾಲ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಅತ್ತೆಯವರ ಬಲಗಣ್ಣು. ಎಡಗಣ್ಣು ಹೋಗಿ ಮೂರು ವರ್ಷವಾಯಿತು. ಪೊರೆ ಬಂದಿದೆ, ತೆಗೆಸೋಣ ಎಂದರೆ ಸಂಕ್ರಾಂತಿ ಮುಗಿಯಲಿ, ಯುಗಾದಿ ಮುಗಿಯಲಿ, ಶ್ರಾವಣ ಕಳೆಯಲಿ ಎಂದು ಮುಂದೂಡುತ್ತಾ ಹೋಗಿ, ಪೊರೆ ಬಲಿತು ಒತ್ತಡವೇರಿ ಕಣ್ಣೇ ಕೂತುಹೋಯಿತು. ಈಗ ಉಳಿದ ಒಂದಕ್ಕೂ ಪೊರೆ. ಬಳ್ಳಾರಿಯ ಕಣ್ಣಿನ ಡಾಕ್ಟರು ನಮ್ಮವರನ್ನು ಪಕ್ಕಕ್ಕೆ ಕರೆದು, "ಈ ಸಲ ತಡ ಮಾಡಿದ್ರ ನನ್ನ ಕೈಯಾಗ ಏನೂ ಇರಂಗಿಲ್ರಿ" ಎಂದು ಹೇಳಿ ದಿನವನ್ನೂ ಗೊತ್ತು ಮಾಡಿದರು. ನಮ್ಮವರಿಗೆ ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣ ಯೂನಿಟ್ ಇದೆ. ನೂರು ಪ್ಯಾಂಟಿನ ಬಟ್ಟೆಗೆ ಒಂದೇ ಸಲ ಕತ್ತರಿ ಹಾಕುವ ಧೈರ್ಯಸ್ಥ ಮನುಷ್ಯ ಅವತ್ತು ಕಾರಿನ ಬಾಗಿಲು ತೆರೆಯಲಾರದೆ ನಿಂತಿದ್ದರು.

ಅತ್ತೆಯವರು ಹೂ ಕೇಳದೆ ಯಾವ ಕೆಲಸಕ್ಕೂ ಕೈ ಹಾಕುವವರಲ್ಲ. ಮನಸ್ಸಿನಲ್ಲಿ ಕೇಳಿಕೊಂಡು ದೇವರ ಮುಂದೆ ನಿಲ್ಲುವುದು, ಮೂರ್ತಿಯ ಬಲಗಡೆಯಿಂದ ಹೂ ಬಿದ್ದರೆ ಆಗಲಿ, ಎಡಗಡೆಯಿಂದ ಬಿದ್ದರೆ ಬೇಡ. ನನ್ನನ್ನು ಮಡಕಶಿರಾದಿಂದ ಈ ಮನೆಗೆ ತಂದದ್ದೂ ಹೂ ಕೇಳಿಯೇ. ನೇಮಕಲ್ಲಿನ ಆಂಜನೇಯನ ಮುಂದೆ ಮೂವರೂ ಕೈಮುಗಿದು ನಿಂತೆವು. ಒಂದು ಕಣಗಿಲೆ ಹೂ ಜಾರಿತು, ಬಲಕ್ಕೂ ಬರದೆ ಎಡಕ್ಕೂ ಬರದೆ ಸ್ವಾಮಿಯ ಬಾಲದ ಸುರುಳಿಯಲ್ಲಿ ಕೂತುಬಿಟ್ಟಿತು. ಅರ್ಧ ಗಂಟೆ ಕಾದರೂ ಅದು ಅಲುಗಲಿಲ್ಲ. "ಅವನಿಗೇ ತಿಳಿವಲ್ದು ಅಂದಮ್ಯಾಲ ಡಾಕ್ಟರಿಗೇನು ತಿಳಿತೈತಿ, ನಡೀರಿ ಮನಿಗೆ" ಎಂದರು ಅತ್ತೆ.

ಇನ್ನು ಜಪಾನಿಗೆ ಬರುತ್ತೇನೆ. ನಮ್ಮ ಮಾವ ಊರಿನ ಗರಡಿಮನೆಯಲ್ಲಿ ಹೆಸರು ಮಾಡಿದ ಪೈಲ್ವಾನರು. ಅವರು ಹೋದ ಮೇಲೂ ಅತ್ತೆಗೆ ಕುಸ್ತಿಯ ಹುಚ್ಚು ಬಿಟ್ಟಿಲ್ಲ. ದಿನಾ ಸಂಜೆ ನಾನು ಶಾಲೆಯಿಂದ ಬಂದು ಚಹಾ ಮಾಡಿಕೊಟ್ಟು, ಫೋನಿನಲ್ಲಿ ಕುಸ್ತಿ ಹಾಕಿ, ಅವರಿಗೆ ಕಾಣದ್ದನ್ನು ಬಾಯಲ್ಲಿ ಹೇಳಬೇಕು. ಹೀಗೇ ಒಂದು ದಿನ ಫೋನು ತಾನಾಗಿಯೇ ಜಪಾನಿನ ಕುಸ್ತಿಗೆ ಹಾರಿತು. ಅಲ್ಲೊಬ್ಬ ದುಂಡು ಹೊಟ್ಟೆಯ, ಬೋಳುತಲೆಯ, ಐವತ್ತು ದಾಟಿದ ಮನುಷ್ಯ ಗೆದ್ದ ಪಟ್ಟದ ಬೆಲ್ಟು ಕಟ್ಟಿಕೊಂಡು ಅಳುತ್ತಿದ್ದ. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. "ಪಾಪ, ಗೆದ್ದೂ ಅಳಾಕತ್ತಾನ" ಎಂದು ಅತ್ತೆ ಅಲ್ಲಿಯೇ ಅವನಿಗೆ ಒಲಿದು, ಗುಂಡಪ್ಪ ಎಂದು ಹೆಸರನ್ನೂ ಇಟ್ಟರು. ನೇಮಕಲ್ಲಿನಿಂದ ಬಂದ ಸಂಜೆ ಚಹಾ ಕುಡಿಯುತ್ತಾ ಅವರೇ ತೀರ್ಪು ಕೊಟ್ಟರು. "ನಾನು ಬಳ್ಳಾರಿಗೆ ಹೋಗೋ ದಿನ ಗುಂಡಪ್ಪನ ನಡದಾಗ ಆ ಪಟ್ಟಾ ಇದ್ರ ಆಂಜನೇಯ ಬಲಗಡಿ ಹೂ ಕೊಟ್ಟಂಗ. ಇಲ್ಲಾಂದ್ರ ಕಣ್ಣು ಹೆಂಗೈತೋ ಹಂಗ ಇರಲಿ."

ನಾನು ತಕ್ಷಣ ಒಪ್ಪಿಕೊಂಡೆ. ಕುಸ್ತಿ ಪಟ್ಟವೆಂದರೆ ವರ್ಷಕ್ಕೊಮ್ಮೆಯೋ ಆರು ತಿಂಗಳಿಗೊಮ್ಮೆಯೋ ಕೈ ಬದಲಾಗುವಂಥದ್ದು, ಡಾಕ್ಟರು ಕೊಟ್ಟ ದಿನಕ್ಕೆ ಇನ್ನು ಹನ್ನೆರಡೇ ದಿನ. ಇಂಥ ಸುಲಭದ ದೇವರು ಎಲ್ಲಿ ಸಿಗಬೇಕು ಎಂದುಕೊಂಡೆ. ಪಟ್ಟದ ಚರಿತ್ರೆಯನ್ನು ಹುಡುಕಿ ಓದಿದ್ದು ಮಾರನೆಯ ದಿನ, ಆಟದ ಬಿಡುವಿನಲ್ಲಿ.

ಈ ಪಟ್ಟಕ್ಕೆ ಅಖಾಡವೇ ಬೇಡವಂತೆ. ಹಗಲಿರುಳೆನ್ನದೆ, ಬಸ್ಸಿನಲ್ಲಾಗಲಿ ಬಚ್ಚಲಲ್ಲಾಗಲಿ, ಪಟ್ಟದವನ ಬೆನ್ನನ್ನು ನೆಲಕ್ಕೆ ಹಚ್ಚಿ ರೆಫರಿ ಮೂರು ಎಣಿಸಿದರೆ ಮುಗಿಯಿತು, ಪಟ್ಟ ಹೊಸಬರಿಗೆ. ಗಂಡಸೇ ಆಗಬೇಕೆಂದಿಲ್ಲ, ಪೈಲ್ವಾನನೇ ಆಗಬೇಕೆಂದಿಲ್ಲ. ಮನುಷ್ಯರೇ ಆಗಬೇಕೆಂದೂ ಇಲ್ಲ. ಬೆಕ್ಕು ಗೆದ್ದಿದೆ, ಕೋತಿ ಗೆದ್ದಿದೆ. ಒಂದು ಏಣಿ ಪಟ್ಟದವನ ಮೈಮೇಲೆ ಬಿದ್ದು, ರೆಫರಿ ಮೂರೆಣಿಸಿ, ಏಣಿಯೇ ಗೆದ್ದಿದೆ. ಒಂದೇ ದಿನದಲ್ಲಿ ಪಟ್ಟ ನಾಲ್ಕು ಕೈ ದಾಟಿದ್ದೂ ಉಂಟು. ಜಗತ್ತಿನಲ್ಲಿರುವ ಅಷ್ಟೂ ಪಟ್ಟಗಳಲ್ಲಿ ನಮ್ಮತ್ತೆ ತಮ್ಮ ಕಣ್ಣನ್ನು ಕಟ್ಟಿದ್ದು ಇದಕ್ಕೆ.

ಅಂದಿನಿಂದ ನಾನು ಗುಂಡಪ್ಪನ ಕಾವಲಿಗೆ ಕೂತೆ. ಒಂದು ತರಗತಿಗೂ ಇನ್ನೊಂದಕ್ಕೂ ನಡುವೆ ಫೋನು ನೋಡುವೆ. ಅವನು ಮಲಗಿರಬಹುದೇ, ಮಲಗಿದರೆ ಬೆನ್ನಿನ ಮೇಲೋ ಮಗ್ಗುಲಾಗಿಯೋ, ಅವನ ಹೆಂಡತಿಗೆ ಪಟ್ಟದ ಆಸೆ ಇಲ್ಲ ತಾನೇ, ಹೀಗೆ ನನ್ನ ಯೋಚನೆ ಎಲ್ಲೆಲ್ಲಿಗೋ ಹೋಗುತ್ತಿತ್ತು. ಮನೆಯ ಅಟ್ಟಕ್ಕೆ ಒರಗಿಸಿದ್ದ ಏಣಿಯನ್ನು ಕಂಡರೂ ಸಿಟ್ಟು ಬರುತ್ತಿತ್ತು. ನಮ್ಮವರೂ ಯೂನಿಟ್‌ನಿಂದ ಫೋನು ಮಾಡಿ, "ಅದಾನ?" ಎಂದು ಒಂದೇ ಮಾತು ಕೇಳುವರು. "ಅವ್ನೆ" ಎಂದು ನಾನು. ಪುಣ್ಯಾತ್ಮ ಹನ್ನೊಂದು ದಿನ ಗಟ್ಟಿಯಾಗಿ ನಿಂತ.

ಹನ್ನೆರಡನೆಯ ದಿನ ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ ಕಲೆಸುತ್ತಾ ಫೋನು ನೋಡಿದೆ. ಗುಂಡಪ್ಪ ರೈಲಿನಲ್ಲಿ ನಿದ್ದೆ ಹೋಗಿದ್ದಾನೆ. ಯಾರೋ ಅವನ ಎದೆಯ ಮೇಲೆ ಬಟ್ಟೆಯ ಗೊಂಬೆಯೊಂದನ್ನು ಇಟ್ಟಿದ್ದಾರೆ. ರೆಫರಿ ಮೂರು ಎಣಿಸಿದ್ದಾನೆ. ಪಟ್ಟ ಗೊಂಬೆಗೆ. ಹೊರಗೆ ಕಾರು ಬಂದು ನಿಂತಿತ್ತು. ಅತ್ತೆ ಹೊಸ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತಿದ್ದರು.

"ಗುಂಡಪ್ಪ ಹೆಂಗದಾನವಾ?" ಎಂದರು.

ಮಕ್ಕಳು ಹೋಂವರ್ಕ್ ಮಾಡಿದೆ ಎಂದು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವವಳು ನಾನು. "ಚೆನ್ನಾಗವ್ನೆ ಕಣತ್ತೆ" ಎಂದೆ. "ಪಟ್ಟ?" ಎಂದರು. "ಸೊಂಟದಾಗೇ ಐತೆ." ನನ್ನ ಮುಖ ನೋಡಿ ನಮ್ಮವರಿಗೆ ಎಲ್ಲ ಅರ್ಥವಾಯಿತು. ಅವರು ಬಾಯಿಗೆ ಮಂಡಕ್ಕಿ ತುಂಬಿಕೊಂಡು ಹೋಗಿ ಕಾರಿನ ಬಾಗಿಲು ತೆರೆದರು. ದಾರಿಯುದ್ದಕ್ಕೂ ಅತ್ತೆ ನನ್ನ ಕೈ ಹಿಡಿದು ಪಟ್ಟದ ಚರಿತ್ರೆಯನ್ನು ಮೊದಲಿಂದ ಹೇಳಿಸಿದರು. ಬೆಕ್ಕು, ಕೋತಿ, ಏಣಿ ಎಲ್ಲವನ್ನೂ ಹೇಳಿದೆ, ಗೊಂಬೆಯ ಹತ್ತಿರಕ್ಕೆ ಬಂದಾಗ ಕೆಮ್ಮಿದೆ. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಭಯ ಇನ್ನೂ ಹೆಚ್ಚಾಯಿತು. ಕಣ್ಣು ಬರದಿದ್ದರೆ ಶಕುನ ಮುಚ್ಚಿಟ್ಟ ಪಾಪ ನನ್ನದು. ಕಣ್ಣು ಬಂದರೆ ಅವರು ಮೊದಲು ಕೇಳುವುದೇ ಫೋನನ್ನು. ಆದರೂ ಆಂಜನೇಯನಿಗೆ ಕಣ್ಣು ಬರಲಿ ಎಂದೇ ಕೈ ಮುಗಿದೆ, ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಹುದು.

ಮರುದಿನ ಪಟ್ಟಿ ಬಿಚ್ಚಿದರು. ಅತ್ತೆ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು, "ಯಾಕವಾ ಇಷ್ಟು ಇಳಿದೀ?" ಎಂದರು. ನನಗೆ ಅಳುವೇ ಬಂತು. ಕಾರು ಹತ್ತಿದ ಕೂಡಲೇ ಕೈ ಚಾಚಿದರು. ಕೊಡದೆ ಹೇಗಿರಲಿ, ಕೊಟ್ಟೆ. ಗೊಂಬೆ ಬೆಲ್ಟು ಕಟ್ಟಿಕೊಂಡು ಕುರ್ಚಿಯ ಮೇಲೆ ಕೂತ ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ನಮ್ಮವರು ಕಿಟಕಿಯಿಂದ ಹೊರಗೆ ನೋಡುತ್ತಾ ತಮಗೂ ಇದಕ್ಕೂ ಸಂಬಂಧವಿಲ್ಲದವರಂತೆ ಕೂತಿದ್ದರು.

"ನಿದ್ದಿ ಮಾಡ್ತಿದ್ನಾ ಅವ?" ಎಂದರು ಕೊನೆಗೆ ಅತ್ತೆ.

"ಹೂಂ ಅತ್ತೆ, ರೈಲಿನಾಗೆ."

"ಕುಸ್ತಿಗಂತ ಕೈ ಕೊಟ್ಟಿದ್ನಾ? ಮಣ್ಣು ಮುಟ್ಟಿ ಹಣಿಗೆ ಹಚ್ಚಿಗೊಂಡಿದ್ನಾ?"

"ಇಲ್ಲತ್ತೆ."

"ಹಂಗಾದ್ರ ಅದು ಕುಸ್ತಿನ ಅಲ್ಲ ಬಿಡು. ನಿಮ್ಮ ಮಾವ ಇದ್ದಿದ್ರ ಆ ರೆಫರಿ ಕಿವಿ ಹಿಂಡ್ತಿದ್ರು. ಪಟ್ಟಾ ಗುಂಡಪ್ಪಂದ. ನೀ ಸುಳ್ಳು ಹೇಳಿಲ್ಲ." ಹಾಗೆಂದು ಫೋನನ್ನು ನನ್ನ ಮಡಿಲಿಗೆ ಹಾಕಿ, ಕಿಟಕಿಯ ಹೊರಗಿನ ಗುಡ್ಡವನ್ನು ನೋಡತೊಡಗಿದರು.

ಇದಾಗಿ ಎರಡು ತಿಂಗಳು. ಹೋದ ಸೋಮವಾರ ನನ್ನ ದವಡೆ ಹಲ್ಲು ಕೀಳಿಸಬೇಕಿತ್ತು. ಕೆನ್ನೆ ಬಾತು ನಾಲ್ಕು ದಿನದಿಂದ ಅನ್ನ ಇಳಿದಿರಲಿಲ್ಲ, ಆದರೂ ಹೊಸಿಲು ದಾಟಲು ಕಾಲು ಬರುತ್ತಿರಲಿಲ್ಲ. ಅತ್ತೆ ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ನನಗೇ ನಾಚಿಕೆಯಾಗುವಂತೆ ಬಾಯಿಂದ ಮಾತು ಹೊರಬಿತ್ತು. "ಅತ್ತೆ, ಇವತ್ತು ಪಟ್ಟ ಯಾರತ್ರ ಐತೆ?"

"ಗುಂಡಪ್ಪನ ಹತ್ರನ ಐತಿ. ಈಗ ನೋಡೀನಿ, ನಡಿ ನೀನು" ಎಂದರು ಅವರು, ಮೊರದಿಂದ ತಲೆ ಎತ್ತದೆ.

ಮನೆಯಲ್ಲಿ ಕುಸ್ತಿ ನೋಡುವ ಫೋನು ಒಂದೇ, ಅದು ಮುಂಜಾನೆಯಿಂದ ನನ್ನ ಚೀಲದಲ್ಲಿಯೇ ಇತ್ತು. ತೆಗೆದು ನೋಡಬಹುದಿತ್ತು. ನಾನು ಜಿಪ್ ಎಳೆದು, ಚಪ್ಪಲಿ ಮೆಟ್ಟಿಕೊಂಡು ಹಲ್ಲಿನ ಡಾಕ್ಟರ ಕಡೆ ನಡೆದೆ.