ಹೊಸ ಹಲ್ಲು ಪಾಸು ಮಾಡಿದ ಅವರೆಕಾಳು

ಅವರೆಕಾಳು ಕೆಟ್ಟಿದ್ದು ನನ್ನಿಂದ. ಮೋಡವನ್ನು ಬೈಯಬೇಡಿ, ಮಂಜನ್ನೂ ಬೈಯಬೇಡಿ. ಬೈಯುವವರು ನನ್ನನ್ನೇ ಬೈಯಲಿ. ತಿರುಗಿ ಬೈಯುವುದು ನನಗೂ ಗೊತ್ತು!

ನಮ್ಮದು ನಾಗಮಂಗಲದ ಕಡೆ ಒಂದು ಹಳ್ಳಿ. ಅಲ್ಲಿ ಕಾಳು ಒಣಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವ ಅಧಿಕಾರ ನಲವತ್ತು ವರ್ಷದಿಂದ ನನ್ನ ದವಡೆಯದು. ಕಾಳನ್ನು ಕಚ್ಚಬೇಕು. ಕಟಕ್ ಎಂದು ಒಡೆದರೆ ಕಾಳು ಕೂಡಿಡುವ ಮಣ್ಣಿನ ವಾಡೆಗೆ ತುಂಬಬಹುದು. ಬರೀ ಹಲ್ಲಿನ ಗುರುತು ಬಿದ್ದರೆ ಒಳಗೆ ನೀರಿದೆ, ಇನ್ನೂ ಬಿಸಿಲು ಬೇಕು. ನಾನು ಓದಿದ್ದು ಎರಡನೇ ಕ್ಲಾಸು. ಇದಕ್ಕೆ ಅಷ್ಟೂ ಬೇಡ.

ಮನೆಗೆ ಟೀವಿ ಬಂದ ವರ್ಷವೇ ನನ್ನ ಬಾಯಿಗೆ ಕಟ್ಟಿಸಿದ ಹಲ್ಲೂ ಬಂತು. ಆ ಸಲ ಅವರೆ ಬಡಿದ ಮೇಲೆ ವಾರವೆಲ್ಲ ಮೋಡ. ಆದರೂ ಕಣದಲ್ಲಿ ಕೂತು ಒಂದು ಕಾಳು ಕಚ್ಚಿದೆ. ಕಟಕ್!

ಸೊಸೆ ಜಯಮ್ಮ ಮಹಿಳಾ ಸಂಘದಲ್ಲಿ ಹೊಸ ವಿದ್ಯೆ ಕಲಿತಿದ್ದಳು. ಗಾಜಿನ ಬಾಟಲಿಗೆ ಉಪ್ಪು, ಕಾಳು ಎರಡೂ ಹಾಕಿ ಅಲ್ಲಾಡಿಸಿದಳು.

“ಅತ್ತೆ, ಉಪ್ಪು ಗಾಜಿಗೆ ಮೆತ್ಕೊಂಡದೆ ನೋಡಿ. ಕಾಳಲ್ಲಿ ಇನ್ನೂ ನೀರದೆ.”

“ನಿನ್ ಉಪ್ಪೇ ಅಸಿ ಕಣೆ. ಮೊದ್ಲು ಅದ್ನ ಒಣಗಾಕು!”

ವಾಡೆ ತುಂಬಿಸಿ ಬಾಯಿಗೆ ಸಗಣಿ ಮೆತ್ತಿಸಿದೆ. ವಾಡೆಯ ಬಾಯಿಗೆ. ನನ್ನದಕ್ಕೆ ಮೆತ್ತಿದ್ದರೂ ನಷ್ಟವಿರಲಿಲ್ಲ.

ಪಕ್ಕದ ಮನೆ ನಿಂಗಮ್ಮ ತನ್ನ ಕಾಳು ತಂದಳು. ಕಟಕ್! ಪಾಸು. ಎದುರುಮನೆಯವರು ತಂದರು. ಕಟಕ್! ಅದೂ ಪಾಸು. ಆ ವರ್ಷ ನನ್ನ ಬಾಯಲ್ಲಿ ಯಾರ ಕಾಳೂ ಫೇಲಾಗಲಿಲ್ಲ.

ಬಿತ್ತನೆ ಹೊತ್ತಿಗೆ ವಾಡೆ ತೆಗೆದರೆ ಮುಗ್ಗಲು ವಾಸನೆ ಮೂಗಿಗೆ ಗುದ್ದಿತು. ಕಾಳು ಗಂಟುಗಂಟಾಗಿ ಬೂಸ್ಟು ಹಿಡಿದಿತ್ತು.

“ಮೇಲ್ಮೇಲೆ ಅಷ್ಟೆ” ಎಂದೆ. ಚೆನ್ನಾಗಿ ಕಂಡವನ್ನು ಆರಿಸಿ, ನೆನೆಸಿ, ಮೊಳಕೆಗೆ ಕಟ್ಟಿದೆ. ಬಿಚ್ಚಿದರೆ ಲೋಳೆ! ಮೊಳಕೆ ಹುಡುಕಲು ಕನ್ನಡಕ ಬೇಕಾಯಿತು. ಸೋಲಲಿಲ್ಲ. ಇನ್ನೊಂದು ಹಿಡಿ ಆರಿಸಿ, ತೊಳೆದು ಸಾರು ಮಾಡಿದೆ. ಕಾಳು ಬೇಯಲೂ ಇಲ್ಲ, ರುಚಿಯೂ ಇಲ್ಲ. ಯಜಮಾನರು ಒಂದೇ ತುತ್ತಿಗೆ ಮುಖ ಹಿಂಡಿದರು.

“ಇದೇನ್ಲೇ, ಗೋಣಿಚೀಲ ಬೇಯ್ಸಿದ್ದೀಯಾ?”

ಅಷ್ಟರಲ್ಲಿ ನಿಂಗಮ್ಮ ಮೊರ ಹಿಡಿದು ಬಂದಳು. “ದೊಡ್ಡವ್ವ, ನೀನು ಪಾಸ್ ಮಾಡಿದ್ ಕಾಳು ನೋಡು. ಎದುರ್ಮನೆದೂ ಇಂಗೇ ಆಗದೆ. ಈಗ ನಾವೆಲ್ಲ ಏನ್ ಬಿತ್ತಾನ?”

“ನಿಮ್ ವಾಡೆ ಸೋರಿರ್ಬೇಕು!”

“ಮೂರ್ ಮನೆ ವಾಡೆನೂ ಒಟ್ಗೆ ಸೋರ್ತಾ?”

ಯಜಮಾನರು ತಟ್ಟೆ ಸರಿಸಿದರು. “ಲೇ, ಬಾಯಲ್ಲಿ ಕಾಳಿಲ್ದೆ ಒಂದ್ಸಲ ಕಚ್ಚು.”

ಕಚ್ಚಿದೆ.

ಕಟಕ್!

ಜಯಮ್ಮ ಬಾಯಿಗೆ ಸೆರಗಿಟ್ಟುಕೊಂಡು ಒಳಗೆ ಓಡಿದಳು. ನಿಂಗಮ್ಮನಿಗೆ ಅಷ್ಟು ಸಂಕೋಚವೂ ಇರಲಿಲ್ಲ. ಮೊರ ಕೆಳಗಿಟ್ಟು ನಕ್ಕಳು.

“ನಗ್ರೇ, ನಗ್ರಿ! ಕೆಡಿಸ್ದೋಳು ನಾನು, ಮೂರ್ ಮನೆಗೂ ಬಿತ್ನೆ ತರೋಳೂ ನಾನೇ” ಎಂದೆ.

ಮಾರನೇ ದಿನ ಬೆಳಗ್ಗೆ ಮೊದಲನೇ ಬಸ್ಸಿಗೆ ಕೆ.ಆರ್. ಪೇಟೆ ಕಡೆಯ ತವರಿಗೆ ಹೋದೆ. ತಮ್ಮನ ಹೆಂಡತಿ ಕೇಳಿದಷ್ಟು ಅವರೆ ಅಳೆದು ಹಾಕಿದಳು. ಕಟ್ಟಕಡೆಗೆ ಒಂದು ಕಾಳನ್ನು ನನ್ನ ಮುಂದೆ ಹಿಡಿದಳು.

“ಅತ್ತಿಗೆ, ಕಚ್ಚಿ ನೋಡಿ. ನೀವು ಸರಿ ಅಂದ್ರೆ ನಮ್ಗೂ ಧೈರ್ಯ.”

“ಇವತ್ತು ಬ್ಯಾಡ ಕಣೆ. ಹಲ್ನೋವು” ಎಂದೆ, ಗತ್ತಿನಿಂದಲೇ.

ಕಟ್ಟಿಸಿದ ಹಲ್ಲಿಗೆ ಎಲ್ಲಿಯ ನೋವು ಎಂದು ಪುಣ್ಯಾತ್ಗಿತ್ತಿ ಕೇಳಲಿಲ್ಲ.