ಕಾಲುವೆಯಿಂದ ಮನೆಗೆ ಬಂದ ದೇವರುಗಳು

ಸಮಾಜಸೇವೆ ಮಾಡುವವನಿಗೆ ಮುಖ್ಯವಾಗಿ ಬೇಕಾದದ್ದು ಬೆಳಗ್ಗೆ ಬೇಗ ಏಳುವ ಅಭ್ಯಾಸ ಎಂದು ನಾನು ಬಹಳ ಕಾಲ ನಂಬಿದ್ದೆ. ಅದು ಸುಳ್ಳು. ಬೇಗ ಏಳುವುದನ್ನು ಹಾಲಿನವನೂ ಮಾಡುತ್ತಾನೆ. ನಿಜವಾಗಿ ಬೇಕಾದದ್ದು, 'ಇದು ನನ್ನ ಕೈಲಾಗುವುದಿಲ್ಲ' ಎಂದು ನಾಲ್ಕು ಜನರ ಮುಂದೆ ಹೇಳುವ ಧೈರ್ಯ. ಆ ಧೈರ್ಯ ನನ್ನಲ್ಲಿ ಇಲ್ಲದ್ದರಿಂದಲೇ ನಮ್ಮ ಮನೆಯ ನಡುಕೋಣೆಯಲ್ಲಿ ಆರು ತಿಂಗಳ ಕಾಲ ಕಾಲಿಡಲು ಜಾಗವಿರಲಿಲ್ಲ.

ನಾನು ಕೋಲಾರದ ಕಾಲೇಜೊಂದರಲ್ಲಿ ಗ್ರಂಥಪಾಲಕ. ವಾರದ ಆರು ದಿನ ಪುಸ್ತಕಗಳ ನಡುವೆ ಮೌನವಾಗಿ ಕುಳಿತು, ಏಳನೆಯ ದಿನ ಹಕ್ಕಿ ನೋಡುತ್ತೇನೆ. ನೋಡುತ್ತೇನೆ ಎನ್ನುವುದಕ್ಕಿಂತ, ಹಕ್ಕಿ ಇರಬಹುದಾದ ಕಡೆ ಮುಖ ಮಾಡಿ ನಿಂತು ಕನಸು ಕಾಣುತ್ತೇನೆ ಎಂದರೆ ಸರಿ. ನಮ್ಮ ಬಡಾವಣೆಯ ಹಿಂದೆ ಕೆರೆಯಿಂದ ಕೆರೆಗೆ ಹೋಗುವ ಹಳೆಯ ಕಾಲುವೆಯೊಂದಿದೆ. ಎಷ್ಟೋ ವರ್ಷ ಒಣಗಿ ಬಿದ್ದಿತ್ತು. ಈಗ ಬೆಂಗಳೂರಿನವರು ಮಿಂದು ತೊಳೆದು ಬಿಟ್ಟ ನೀರು ಶುದ್ಧವಾಗಿ ನಮ್ಮ ಕೆರೆಗಳಿಗೆ ಬರುವುದರಿಂದ ಕಾಲುವೆಯಲ್ಲೂ ಸಣ್ಣಗೆ ಹರಿಯುತ್ತದೆ. ನೀರಿನ ಹಿಂದೆಯೇ ಹಕ್ಕಿಗಳು ಬಂದವು, ಹಕ್ಕಿಗಳ ಹಿಂದೆ ನಾನು. ಮಾಘದ ಬೆಳಗಿನಲ್ಲಿ ಮಂಜು ನೀರಿನ ಮೇಲೆ ಮಲಗಿರುತ್ತದೆ. ಜೊಂಡಿನ ಸಂದಿಯಿಂದ ಹುಂಡುಕೋಳಿ ಬಾಲ ಎತ್ತಿಕೊಂಡು ಹೊರಬಂದು, ನನ್ನನ್ನು ನೋಡಿ, ಏನೋ ಮರೆತವರ ಹಾಗೆ ಒಳಗೆ ಹೋಗುತ್ತದೆ. ನೀರುಕಾಗೆ ರೆಕ್ಕೆ ಹರಡಿಕೊಂಡು ಬಿಸಿಲಿಗೆ ಕಾಯುತ್ತದೆ. ಆ ಎರಡು ಗಂಟೆ ನನಗೆ ಹೆಸರಿಲ್ಲ, ಹುದ್ದೆಯಿಲ್ಲ, ರಕ್ತದೊತ್ತಡವೂ ಇಲ್ಲ. ನಾನು ಸುಖವಾಗಿರುತ್ತೇನೆ, ಅಷ್ಟೆ.

ಹಾಗೆ ನಿಂತವನನ್ನು ವೆಂಕಟೇಶಪ್ಪನವರು ಕಂಡುಹಿಡಿದರು. ಅವರು ರೇಷ್ಮೆ ಇಲಾಖೆಯಿಂದ ನಿವೃತ್ತರು. ಪ್ರತಿ ಭಾನುವಾರ ಏಳೆಂಟು ಜನರನ್ನು ಕಟ್ಟಿಕೊಂಡು ಕಾಲುವೆಯ ಕಸ ಎತ್ತುತ್ತಾರೆ. "ಸುಮ್ನೆ ನಿಂತಿದೀರಲ್ಲ ಸಾರ್, ಹಂಗೇ ಇಳೀರಿ. ಹಕ್ಕಿ ಹತ್ರದಿಂದ ಕಾಣ್ತವೆ" ಎಂದರು. ಆಗಲ್ಲ ಎನ್ನಲು ಬಾಯಿ ಬರಲಿಲ್ಲ. ಮುಂದಿನ ವಾರ ಗಂಬೂಟು ಕೊಂಡೆ. ಪ್ಲಾಸ್ಟಿಕ್ ಚೀಲ, ಬಾಟಲಿ, ಒಂಟಿ ಚಪ್ಪಲಿ ಎತ್ತಿ ದಡಕ್ಕೆ ಹಾಕಿದರೆ ನಗರಸಭೆಯ ಟ್ರ್ಯಾಕ್ಟರ್ ಒಯ್ಯುತ್ತದೆ. ನಾನು ಒಂದು ಬಾಟಲಿ ಎತ್ತುವಷ್ಟರಲ್ಲಿ ಒಂದು ಮಿಂಚುಳ್ಳಿ ನೋಡಿ ಮೈಮರೆಯುತ್ತಿದ್ದೆನಾದ್ದರಿಂದ ನನ್ನ ರಾಶಿ ಯಾವಾಗಲೂ ಎಲ್ಲರದಕ್ಕಿಂತ ಚಿಕ್ಕದು. ಯಾರೂ ಆಡಿಕೊಳ್ಳಲಿಲ್ಲ, ಅದೇ ಅವರ ದೊಡ್ಡತನ.

ತೊಂದರೆ ಶುರುವಾದದ್ದು ಒಂದು ತಿಮ್ಮಪ್ಪನ ಪಟದಿಂದ. ನಮ್ಮ ಕಡೆ ದೇವರ ಪಟದ ಗಾಜು ಬಿರುಕು ಬಿಟ್ಟರೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕಸಕ್ಕೆ ಹಾಕುವುದಂತೂ ಆಗದ ಮಾತು. ಹರಿಯುವ ನೀರಿಗೆ ಬಿಟ್ಟು ಕೈಮುಗಿದು ಬರುತ್ತಾರೆ. ಬಿಟ್ಟವರಿಗೆ ನೆಮ್ಮದಿ. ಆದರೆ ಕಾಲುವೆ ಸ್ವಚ್ಛ ಮಾಡುವವರ ಪೀಕಲಾಟವನ್ನು ಯಾರೂ ಯೋಚಿಸಿರಲಿಲ್ಲ. ಕೆಸರಿನಿಂದ ಪಟ ಎತ್ತಿದ ವೆಂಕಟೇಶಪ್ಪನವರು ಟ್ರ್ಯಾಕ್ಟರ್ ಕಡೆ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ಹೆಸರಿನಲ್ಲೇ ವೆಂಕಟೇಶನಿರುವವರು ತಿಮ್ಮಪ್ಪನನ್ನು ಒಂಟಿ ಚಪ್ಪಲಿಯ ಪಕ್ಕ ಹೇಗೆ ಇಟ್ಟಾರು? ಉಳಿದವರು ಮುಖ ಮುಖ ನೋಡಿಕೊಂಡರು. ನಾನು ಆಗ ಟಿಟ್ಟಿಭ ಕೂಗಿದ ಕಡೆ ತಿರುಗಿದ್ದೆ. ಮತ್ತೆ ಈ ಕಡೆ ನೋಡುವಷ್ಟರಲ್ಲಿ ಪಟ ನನ್ನ ಕೈಯಲ್ಲಿತ್ತು. "ಒಂದ್ ವಾರ ನಿಮ್ಮನೇಲಿರ್ಲಿ ಸಾರ್, ಏನಾದ್ರೂ ದಾರಿ ಮಾಡಾಣ" ಎಂದರು.

ದಾರಿ ಆಗಲಿಲ್ಲ. ಪ್ರತಿ ಭಾನುವಾರ ಹೊಸ ದೇವರು. ಲಕ್ಷ್ಮಿ, ಸರಸ್ವತಿ, ಕೋಲಾರಮ್ಮ, ಒಡವೆ ಅಂಗಡಿಯ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಬಾಲಕೃಷ್ಣ. ಗಣಪತಿಯ ಸಂಖ್ಯೆಯಂತೂ ಹೇಳಲು ಸಂಕೋಚ. ನನ್ನ ಹೆಂಡತಿ ಪ್ರಮೀಳ ಮೊದಲ ತಿಂಗಳು ಅವರಿಗೆಲ್ಲ ಒಂದೊಂದು ಹೂ ಇಟ್ಟಳು. ಎರಡನೆಯ ತಿಂಗಳು ಎಲ್ಲರಿಗೂ ಸೇರಿ ಒಂದು ಹೂ. ಆಮೇಲೆ ಸೋಫಾದ ಮೇಲಿದ್ದವರು ಕೆಳಗಿಳಿದರು, ಕೆಳಗಿದ್ದವರು ಗೋಡೆಗೊರಗಿದರು. ನೆಂಟರು ಬಂದರೆ ಕಾಲು ಚಾಚುವ ಹಾಗಿಲ್ಲ. ಟಿವಿಯಲ್ಲಿ ಧಾರಾವಾಹಿ ನೋಡುವಾಗ ಅಷ್ಟು ಜನ ದೇವರು ಹಿಂದಿನಿಂದ ತಮ್ಮನ್ನೇ ನೋಡುತ್ತಾರೆಂದು ನಮ್ಮ ಅತ್ತೆ ಮಧ್ಯದಲ್ಲೇ ಎದ್ದು ಹೋದರು.

ಕೊನೆಗೆ ಪ್ರಮೀಳ ರಾಗಿ ಮುದ್ದೆ ಕಟ್ಟುತ್ತಾ ಶಾಂತವಾಗಿ ಹೇಳಿದಳು: "ರೀ, ಇನ್ನೊಂದ್ ಪಟ ಈ ಹೊಸ್ಲು ದಾಟಿದ್ರೆ ನಿಮ್ ಭಾನುವಾರ ಮುಗೀತು. ಆಮೇಲೆ ಹಕ್ಕಿನ ತಾರಸಿ ಮೇಲಿಂದ್ಲೇ ನೋಡ್ಕೊಳ್ಳಿ." ಅವಳು ಕೂಗಾಡಿದ್ದರೆ ಹೆದರುತ್ತಿರಲಿಲ್ಲ. ನಮ್ಮ ತಾರಸಿಯಿಂದ ಕಾಣುವುದು ಪಕ್ಕದ ಮನೆಯ ನೀರಿನ ಟ್ಯಾಂಕು, ಅದರ ಮೇಲೆ ಒಂದು ಕಾಗೆ. ಆ ರಾತ್ರಿ ಊಟ ಸೇರಲಿಲ್ಲ. ಮಂಜು, ಜೊಂಡು, ಹುಂಡುಕೋಳಿ ಎಲ್ಲವೂ ನನ್ನ ಕೈಬಿಟ್ಟು ಹೋದ ಹಾಗೆ ಮನಸ್ಸು ಖಾಲಿಯಾಯಿತು.

ಆಗ ನನಗೆ ಬಂದ ಬುದ್ಧಿಯನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಒಂದು ರಜೆಯ ದಿನ ಬೆಳಗ್ಗೆ ಏಳು ಪಟಗಳನ್ನು ಚೀಲಕ್ಕೆ ತುಂಬಿ, ಸ್ಕೂಟರಿನಲ್ಲಿಟ್ಟು ಹೋಳೂರಿನ ಕಡೆ ಹೊರಟೆ. ಅಲ್ಲಿಯೂ ಒಂದು ಕಾಲುವೆಯಿದೆ, ಅಲ್ಲಿ ನನ್ನ ಗುರುತಿನವರಿಲ್ಲ. ನೀರಿಗೆ ಕಸ ಹಾಕಬೇಡಿ ಎಂದು ಕೋಲಾರದಲ್ಲಿ ವೆಂಕಟೇಶಪ್ಪನವರ ಜೊತೆ ಮನೆಮನೆಗೆ ಹೋಗಿ, ಕಾಲೇಜಿನ ಮಕ್ಕಳಿಗೂ ಹೇಳಿದವನು ಹೋಳೂರಿನಲ್ಲಿ ನೀರಿಗೆ ಹಾಕಲು ಹೋಗುತ್ತಿದ್ದೆ. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟಗಳ ಮೇಲೆ ಎಳೆಬಿಸಿಲು, ತಂತಿಯ ಮೇಲೆ ನೀಲಕಂಠ. ಯಾವುದನ್ನೂ ತಲೆಯೆತ್ತಿ ನೋಡುವ ಮುಖ ನನಗಿರಲಿಲ್ಲ.

ಚೀಲ ಇಳಿಸಿ ಆ ಕಡೆ ಈ ಕಡೆ ನೋಡುತ್ತಿದ್ದಾಗ ಟೊಮೇಟೊ ತೋಟದಿಂದ ಒಬ್ಬ ಹಿರಿಯ ರೈತರು ಬಂದರು. ಹೆಸರು ಪಿಳ್ಳಪ್ಪ ಎಂದು ಆಮೇಲೆ ತಿಳಿಯಿತು. ನನ್ನ ಕುತ್ತಿಗೆಯಲ್ಲಿ ಅಭ್ಯಾಸಬಲದಿಂದ ಬೈನಾಕ್ಯುಲರ್ ನೇತಾಡುತ್ತಿತ್ತು.

"ಏಮ್ ಸಾರ್, ಹಕ್ಕಿ ನೋಡಕ್ಕಾ? ಬನ್ನಿ ತೋರಿಸ್ತೀನಿ."

ಹಾಳುಬಾವಿಯ ಮೇಲೆ ಬಾಗಿದ ಜಾಲಿಮರಕ್ಕೆ ಕರೆದೊಯ್ದರು. ಕೊಂಬೆಕೊಂಬೆಗೂ ಗೀಜಗನ ಗೂಡು. ಗಾಳಿ ಬಂದಾಗ ಎಲ್ಲವೂ ಒಟ್ಟಿಗೆ ತೂಗುತ್ತಿದ್ದವು, ಹಳದಿ ತಲೆಯ ಹಕ್ಕಿಗಳು ಹುಲ್ಲಿನ ಎಳೆ ಹಿಡಿದು ಒಳಗೆ ಹೊರಗೆ ಓಡಾಡುತ್ತಿದ್ದವು, ಕೆಳಗೆ ಬಾವಿಯ ನೀರಿನಲ್ಲಿ ಇನ್ನೊಂದು ಮರ, ಇನ್ನಷ್ಟು ಗೂಡುಗಳು. ಎಷ್ಟು ಹೊತ್ತು ನಿಂತೆನೋ ತಿಳಿಯದು. ಬಂದ ಕೆಲಸ, ಚೀಲ, ಪ್ರಮೀಳ ಎಲ್ಲ ಮರೆತುಹೋಯಿತು.

"ಸಾರ್, ನೀವು ಕೋಲಾರದಾಗೆ ಕಾಲ್ವೆ ಕ್ಲೀನ್ ಮಾಡೋರಲ್ವಾ?" ಪಿಳ್ಳಪ್ಪನವರು ಕೇಳಿದರು. "ನಮ್ಮ ಹುಡುಗಿ ಅಲ್ಲೇ ಕಾಲೇಜು, ಫೋನಾಗೆ ನಿಮ್ ಫೋಟೊ ತೋರಿಸಿತ್ತು. ನೀವು ಹೇಳಿದ್ದು ನಂಗೂ ಹೇಳ್ತು. ಅವತ್ತಿಂದ ಪಟ ನೀರಿಗೆ ಹಾಕಿಲ್ಲ ಸಾರ್. ಎರಡು ಹಂಗೇ ಇಟ್ಟಿವ್ನಿ. ಒಳ್ಳೆ ಟೈಮಿಗೆ ಬಂದ್ರಿ, ತಕೊಂಡೋಗಿ."

ಆಗಲ್ಲ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ನನ್ನ ಬದುಕಿನಲ್ಲಿ ಇನ್ನು ಬರಲಾರದು. ಹೇಳಲಿಲ್ಲ. ಏಳು ದೇವರನ್ನು ಬಿಡಲು ಹೋದವನು ಒಂಬತ್ತು ದೇವರು ಮತ್ತು ಒಂದು ಬುಟ್ಟಿ ಟೊಮೇಟೊ ಸಮೇತ ಮನೆಗೆ ಬಂದೆ. ಪ್ರಮೀಳ ಚೀಲದ ಬಾಯಿ ಬಿಚ್ಚಿ ನೋಡಿದಳು. ಟೊಮೇಟೊ ಒಳಗೆ ಒಯ್ದಳು.

ಭಾನುವಾರ ಎದ್ದು ನೋಡಿದರೆ ನನ್ನ ಗಂಬೂಟು ಅವಳ ಕಾಲಿನಲ್ಲಿತ್ತು. "ಇವತ್ತು ನಾನು ಹೋಗ್ತೀನಿ. ನೀವು ಮನೇಲಿರಿ" ಎಂದು ಆಟೋ ಕರೆಸಿ, ಎಲ್ಲ ದೇವರನ್ನೂ ಹತ್ತಿಸಿಕೊಂಡು ಹೋದಳು. ನಾನು ಬರಿದಾದ ನಡುಕೋಣೆಯಲ್ಲಿ ಕಾಲು ಚಾಚಿ ಕುಳಿತೆ. ಅಷ್ಟು ದಿನ ಬಯಸಿದ್ದ ಜಾಗ, ಯಾಕೋ ಹಿತವಾಗಲಿಲ್ಲ. ಒಂಬತ್ತು ಗಂಟೆಗೆ ಕೆಸರಾದ ಸೀರೆಯಲ್ಲಿ ಬಂದವಳ ಕೈಯಲ್ಲಿ ಖಾಲಿ ಚೀಲ.

"ಎಲ್ಲಿ ಅವರೆಲ್ಲ?"

"ಕಟ್ಟು ಬಿಚ್ಚಿ, ಗಾಜು ಬೇರೆ ಮರ ಬೇರೆ ಮಾಡಿದ್ವಿ. ಕಾಗ್ದಾನ ಅರಳಿಮರದ ಬುಡದಲ್ಲಿ ಗುಂಡಿ ತೆಗ್ದು ಅರಿಶಿನ ಕುಂಕುಮ ಹಾಕಿ ಮಣ್ಣು ಮುಚ್ಚಿ ಕೈಮುಗಿದ್ವಿ. ನಮ್ಮಪ್ಪನ ಮನೇಲಿ ಯಾವಾಗ್ಲೂ ಹಿಂಗೇ."

"ಇದನ್ನ ಆರು ತಿಂಗಳ ಹಿಂದೆನೇ ಹೇಳಬಾರದಿತ್ತಾ?"

"ನೀವೆಲ್ಲಿ ಕೇಳಿದ್ರಿ? ತರ್ತಾ ಇದ್ರಿ ಅಷ್ಟೆ."

ಈಗ ಕಾಲುವೆಗೆ ಇಬ್ಬರೂ ಹೋಗುತ್ತೇವೆ. ಅವಳು ಇಳಿಯುತ್ತಾಳೆ, ನಾನು ದಡದಲ್ಲಿ ನಿಲ್ಲುತ್ತೇನೆ. ಮಂಜಿನಲ್ಲಿ ಬಾಗಿ ಕಸ ಎತ್ತುವ ಅವಳನ್ನು ನೋಡುವಾಗ ನನಗೆ ಹೆಮ್ಮೆಯಾಗುತ್ತದೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ಹೋದ ವಾರ ಹೊಸದಾಗಿ ಸೇರಿದ ಹೆಂಗಸೊಬ್ಬರು ಕೆಸರಿನಿಂದ ಏನನ್ನೋ ಎತ್ತಿ, ಖಾಲಿ ಕೈಯಲ್ಲಿ ನಿಂತಿದ್ದ ನನ್ನ ಕಡೆ ಚಾಚಿದರು. ನಾನೂ ಕೈ ಮುಂದೆ ಮಾಡಿಬಿಟ್ಟಿದ್ದೆ. ಪ್ರಮೀಳ ನೀರಿನಿಂದಲೇ ಹೇಳಿದಳು: "ಅವ್ರ ಕೈಗೆ ಮಾತ್ರ ಏನೂ ಕೊಡಬೇಡಿ ಅಕ್ಕ, ಅವ್ರು ಹಕ್ಕಿ ನೋಡೋರು. ಕೊಟ್ಟಿದ್ದೆಲ್ಲ ಮನೆಗೆ ತಂದುಬಿಡ್ತಾರೆ."